ಹಿಂಬದಿ

ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ಹೊಲಿಗೆ ಮಿಷನ್ನುಗಳು ನಿಂತ ಮೇಲೆ
ಶನಿವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಸಭೆ.
ಕಟಿಂಗ್ ಮೇಜಿನ ನೀಲಿ ಧೂಳು ಒರೆಸಿ
ಷೇಕ್ಷಾವಲಿ ಬಿಳಿ ಲೈನಿಂಗ್ ಬಟ್ಟೆ ಹಾಸುತ್ತಾನೆ.
"ಕೈ ತೊಳಕಂಬಾ" ಅನ್ನುತ್ತಾನೆ ನನಗೆ.
ಮಿರ್ಚಿ ತಿಂದ ಕೈ. ಎಣ್ಣೆ ಹತ್ತಿದರೆ
ಎಂಥ ಬೌಲರನ ಮುಖಕ್ಕೂ ಕಾಮಾಲೆ.

ನಾಳೆ ರಾಯಚೂರು.
ಸ್ಟೇಷನ್ ಹತ್ತಿರದ ಯಾವುದೋ ಕಲ್ಯಾಣಮಂಟಪ,
ಮುಹೂರ್ತವಿಲ್ಲದ ಭಾನುವಾರವಾದ್ದರಿಂದ ಬಾಡಿಗೆ ಅರ್ಧವಂತೆ.
ಆಟಗಾರರ ಕಾರ್ಡು ಕೂಡಿಟ್ಟವರೆಲ್ಲ ಬರುತ್ತಾರೆ
ಕರ್ನೂಲಿನಿಂದ, ಕಲಬುರಗಿಯಿಂದ,
ಸೊಲ್ಲಾಪುರದಿಂದ ಒಬ್ಬ,
ಕನ್ನಡಕದ ಮೇಲೆ ಕನ್ನಡಕ ಇಟ್ಟು
ಕಾರ್ಡಿನ ನಾಲ್ಕು ಮೂಲೆ ಬೇರೆ ಬೇರೆ ನೋಡುವವನು.

ಬೆಳಗಿನ ಬಂಡಿ. ಗುಂತಕಲ್ಲಿನಲ್ಲಿ ಬದಲಿ.
"ಅಲ್ಲಿ ಒಂದು ತಾಸು ಕುಂದ್ರಬೇಕು."
"ಮೂರು ತಾಸಾದ್ರೂ ಕುಂದ್ರತೀನಿ, ಟಿಫಿನ್ ರೊಕ್ಕ ಮಾತ್ರ ನಂದಲ್ಲ"
ಅಂದವನು ಎರ್ರಿಸ್ವಾಮಿ.
ಹಗಲೆಲ್ಲ ಅದಿರಿನ ಲಾರಿ ತೂಗಿ
ಟನ್ನುಗಟ್ಟಲೆ ಚೀಟಿ ಬರೆಯುವ ಈ ಮನುಷ್ಯ
ಎರಡು ಗ್ರಾಮು ತೂಗದ ಕಾರ್ಡನ್ನು
ಎರಡೂ ಕೈಯಲ್ಲಿ ಎತ್ತುತ್ತಾನೆ,
ಆರು ದಿನದ ಕೂಸು ಎತ್ತಿದ ಹಾಗೆ.
ಅವನದು ಡಬಲ್ಲುಗಳ ಸಂಸಾರ:
ಒಬ್ಬನೇ ವಿಕೆಟ್ ಕೀಪರ್ ಹನ್ನೊಂದು ಸಲ.
"ಒಂದು ಟೀಮೇ ಆತಲ್ಲೋ,
ಬಾಲ್ ಹಾಕೋರು ಯಾರು?"

ಹುಲಿಗೆಮ್ಮ ಟೀಚರ ಆಲ್ಬಮ್ಮು ಬೇರೆ.
ಬಬಲ್ ಗಮ್ಮಿನ ಕಂಪನಿಗಳು ಹೆಂಗಸರನ್ನು ಅಚ್ಚು ಹಾಕಲಿಲ್ಲ.
ಅದಕ್ಕೆ ಇವರು ಮದುವೆ ಕಾರ್ಡಿನ ರಟ್ಟು ಕತ್ತರಿಸಿ
ತಮ್ಮ ಶಾಲೆಯ ಖೋಖೋ ಹುಡುಗಿಯರ ಫೋಟೋ ಅಂಟಿಸಿದ್ದಾರೆ.
ಹಿಂಬದಿಯಲ್ಲಿ ದುಂಡು ಅಕ್ಷರ:
ಈರಮ್ಮ, ಎಂಟನೇ ಬಿ,
ಒಂದೇ ಪಾಳಿಯಲ್ಲಿ ಔಟು ಮಾಡಿದ್ದು ಐದು ಮಂದಿಯನ್ನು,
ಬರಿಗಾಲು.
"ಇದಕ್ಕೆ ರೇಟೆಷ್ಟು ಹೇಳ್ತೀರಿ ಟೀಚರ್?"
"ಮಾರಾಕಲ್ಲ. ಮೇಜಿನ ಮೇಲೆ ಇಡ್ತೀನಿ.
ನೋಡಿದವರು ನೋಡ್ಲಿ."

ಆಮೇಲೆ ಬಂತು ಮೂವತ್ತೇಳನೆಯ ನಂಬರು.

ಎಡಗೈ ಬೌಲರ್, ಕೈ ಇನ್ನೂ ಗಾಳಿಯಲ್ಲಿ.
ಆ ಗಮ್ಮಿನ ಕಂಪನಿ ಮುಚ್ಚಿ ಎಷ್ಟು ಕಾಲವಾಯಿತೋ,
ಬಳ್ಳಾರಿಯ ಬಿಸಿಲಿಗೆ ಉಳಿದವೆಲ್ಲ ಹಪ್ಪಳವಾದರೂ
ಇದು ಸಪಾಟು,
ಷೇಕ್ಷಾವಲಿಯ ಅಮ್ಮನ ಹಾಸಿಗೆ ಕೆಳಗೆ ಬೆಳೆದದ್ದು.
ಮುಂದೆ ನೋಡಿದರೆ ನಾಲ್ಕು ಸಾವಿರ ಅಂದಿದ್ದಾನೆ ಸೊಲ್ಲಾಪುರದವನು.
ತಿರುಗಿಸಿದರೆ ಇನ್ನೂರು.

ಹಿಂಬದಿಯಲ್ಲಿ ಬಾಲ್ ಪೆನ್ನು, ನನ್ನ ಅಕ್ಷರ.
ಪೇಪರ್ ಇರಲಿಲ್ಲ ಅವತ್ತು. ರೈಲ್ವೆ ಗೋಡೆ ಪಕ್ಕದ ಮ್ಯಾಚು:
ಖಲಂದರ್ 14, ರನೌಟ್.
ಮೂರೇ ರನ್ನಿಗೆ ಸೋತೆವು.
ಖಲಂದರ್ ಷೇಕ್ಷಾವಲಿಯ ಅಣ್ಣ, ಈಗ ಜೆಡ್ಡಾದಲ್ಲಿ ಎಸಿ ರಿಪೇರಿ.
ಹಬ್ಬಕ್ಕೆ ಫೋನು ಮಾಡಿದಾಗಲೂ ಕೇಳುತ್ತಾನೆ:
ಅವತ್ತು 'ಬಾ' ಅಂದು ಅರ್ಧಕ್ಕೆ 'ಬ್ಯಾಡ' ಅಂದೋನು ಯಾರಲೇ?
ಸ್ಕೋರು ಬರೆದವನು
ಅದೊಂದು ಬರೆದಿಲ್ಲ.

"ಹತ್ತಿಗೆ ಸ್ಪಿರಿಟ್ ಹಚ್ಚಿ ಒರಸ್ರಿ, ಹೋಗ್ತೈತೆ"
ಅಂತ ಹೇಳಿ ಕಳಿಸಿದ್ದನಂತೆ ಸೊಲ್ಲಾಪುರದವನು.
ನನ್ನದು ಮೆಡಿಕಲ್ ಶಾಪು.
ಅಂಗಿಯ ಜೇಬಿನಲ್ಲಿ ಸೀಸೆ ಇತ್ತು,
ಯಾರಿಗೂ ಹೇಳಿರಲಿಲ್ಲ.

ಎರ್ರಿಸ್ವಾಮಿ ಒರೆಸೋಣ ಅಂದ.
ಟೀಚರು ಕಾರ್ಡನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ಓದಿ
"ಅಕ್ಷರ ಎಷ್ಟು ಕೆಟ್ಟದೈತಿ" ಅಂದರು, ಅಷ್ಟೇ.
ಷೇಕ್ಷಾವಲಿ ಮಾತಾಡದೆ
ಹೋದ ವಾರ ಉಳಿದ ಡೆನಿಮ್ ಚೂರಿನಲ್ಲಿ
ಕಾರ್ಡಿನ ಅಳತೆಯ ಜೇಬು ಹೊಲಿಯುತ್ತಿದ್ದ,
ಎರಡು ಸಾಲು ಹಳದಿ ದಾರ,
ನಾಲ್ಕು ಮೂಲೆಗೂ ತಾಮ್ರದ ಗುಬ್ಬಿ,
ಪರದೇಶಕ್ಕೆ ಹೋಗುವ ಪ್ಯಾಂಟಿಗೂ ಇಷ್ಟು ಹಾಕಿರಲಿಲ್ಲ.

ಮಿಷನ್ನಿನ ಸದ್ದಿನೊಳಗೇ ಅಂದೆ:
"ಬಾ ಅಂದೋನು ನಾನು."

ಪೆಡಲ್ ನಿಲ್ಲಲಿಲ್ಲ.
"ಗೊತ್ತೈತೆ ಬಿಡಲೇ" ಅಂದ, ದಾರ ಹಲ್ಲಲ್ಲಿ ಕಡಿದು.
"ಐದಕ್ಕೆ ಸ್ಟೇಷನ್ನು.
ಟಿಕೆಟ್ಟಿಗೆ ಚಿಲ್ಲರೆ ತಗಂಬಾ."