ಯಾರ ಪೈಕಿ

ಯಾದಗಿರಿ ಸ್ಟೇಷನ್ ರೋಡ್, ಮಧ್ಯಾಹ್ನ ಮೂರು,
ಕರೆಂಟ್ ಬಂದು ಹತ್ತು ನಿಮಿಷ.
ವಡಗೇರಾ ಸೊಸೈಟಿ ಹರಾಜಿನ್ಯಾಗ ಹಿಡಿದ ಡಬ್ಬಿ
ಹಯ್ಯಾಳಪ್ಪ ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನ್ಯಾಗ ತಂದಾನ.
ಹೊಸ ವಿಂಡೋಸ್ ಹಾಕೀನಿ. ಎಲ್ಲಾ ಎದ್ದಾವ,
ಒಂದರ ಮುಂದ ಮಾತ್ರ ಹಳದಿ ತ್ರಿಕೋನ:
ಅನ್‌ನೋನ್ ಡಿವೈಸ್.

ಮೌಸಿನ ಬಲಗಿವಿ ಹಿಂಡಿ ಕೇಳಿದೆ.
ಹೆಸರು ಹೇಳಲಿಲ್ಲ, ನಂಬರ್ ಹೇಳ್ತು.
ಮೊದಲು ಮನೆತನದ್ದು: ಒಂದು ಸೊನ್ನೆ ಇ ಸಿ.
ಆಮ್ಯಾಲ ಕೂಸಿಂದು:
ಎಂಟು ಒಂದು ಆರು ಎಂಟು.

'ಅಲ್ಲ ತಂಗಿ, ನೀ ಯಾರ ಪೈಕಿ?'
ಹಯ್ಯಾಳಪ್ಪ ಚಾ ಊದ್ಕೋತ ಕೇಳ್ತಾನ,
ಮೂರನೇ ಸಲ.
ನಾ ಸ್ಕ್ರೂ ಬಿಚ್ಚಲಿಕ್ಕೆ ಹತ್ತೀನಿ.

ಧೂಳ ಝಾಡಿಸಿ,
ವಾಚು ರಿಪೇರಿ ಮಾಡ್ತಿದ್ದ ನಮ್ಮ ಅಜ್ಜನ ಮಸೂರ
ಕಣ್ಣಿಗೆ ಸಿಗಿಸಿ ಬಗ್ಗಿದರ,
ಉಗುರಿಗಿಂತ ಸಣ್ಣ ಕರೇ ಚಿಪ್ಪಿನ ಮ್ಯಾಲ
ಏಡಿ!
ಭೀಮಾ ದಂಡ್ಯಾಗ ಅರಿಬಿ ಒಗಿಯಾಗ
ಕಾಲಬೆರಳ ಹಿಡಿದಿತ್ತಲ್ಲ, ಅಂಥಾದ್ದೇ,
ಎರಡೂ ಕೊಂಡಿ ಎತ್ತಿ ಕುಂತದ.
ತೈವಾನದ ಮನೆತನ. ಕೇಬಲ್ ಕಾಯೋ ಕೆಲಸ.

ಡ್ರೈವರ್ ಹಾಕಿದೆ. ಹಳದಿ ಹೋತು.
ಹಿಂದಿನ ಹಸಿರ ದೀಪ ಮಿಣಕ್ ಅಂತು.

ಚಾಲೂ ಆದಾಗೊಮ್ಮೆ ಖಾಲಿ ಸ್ಲಾಟಿನ ಬಾಗಿಲಾನೂ
ಬಡೀತದ ಈ ಡಬ್ಬಿ.
ಒಳಗ ಯಾರೂ ಇಲ್ಲಂದ್ರ
ನಾಕು ಎಫ್ ಬರ್ತಾವ ತಿರುಗಿ.
ಅದಕ್ಕ ಸಿಟ್ಟಿಲ್ಲ, ಮತ್ತೊಮ್ಮೆ ಕೇಳಂಗಿಲ್ಲ,
ಮುಂದಿನ ಬಾಗಿಲಿಗೆ ಹೋಗ್ತದ.

ಹಯ್ಯಾಳಪ್ಪ ಇನ್ನೂ ನನ್ನ ಮಾರಿ ನೋಡ್ಕೋತ ಕುಂತಾನ.
'ಮುನ್ನೂರು,' ಅಂದೆ.
'ಚಿಲ್ಲರ ಇದ್ರ ನೋಡ್ರಿ.'