ಹತ್ತು ಅಂಕದ ಪ್ರಶ್ನೆ

ಮೈಸೂರು, ಏಪ್ರಿಲ್, ಮೌಲ್ಯಮಾಪನ ಕೇಂದ್ರ.
ಫ್ಯಾನು ತಿರುಗುವುದಕ್ಕಿಂತ ಹೆಚ್ಚು ನರಳುತ್ತದೆ.
ಬೆಳಗಿನಿಂದ ಇಪ್ಪತ್ತೆರಡು ಉತ್ತರಪತ್ರಿಕೆ,
ಎಲ್ಲದರಲ್ಲೂ ಮೂವತ್ತೇಳನೆಯ ಪ್ರಶ್ನೆ:
ವಿವಿಧ ದೇಶಗಳ ನಾಯಕರ ಅಧಿಕಾರವನ್ನೂ
ಉತ್ತರದಾಯಿತ್ವವನ್ನೂ ಹೋಲಿಸಿ.

ಊಟದ ಹೊತ್ತಿಗೆ ನನ್ನ ಮೇಜಿನ ಮೇಲೆ
ಅಮೆರಿಕದ ಅಧ್ಯಕ್ಷ ಇಪ್ಪತ್ತೆರಡು ಸಲ
ಮಹಾಭಿಯೋಗಕ್ಕೆ ಗುರಿಯಾಗಿದ್ದ.
ಬ್ರಿಟನ್ನಿನ ಪ್ರಧಾನಿ ಇಪ್ಪತ್ತೆರಡು ಬುಧವಾರ
ಎದ್ದು ನಿಂತು ಉತ್ತರ ಹೇಳಿ ಸುಸ್ತಾಗಿದ್ದ.
ಒಂದೇ ಗೈಡು, ಒಂದೇ ಅಲ್ಪವಿರಾಮ,
ಎಂಟನೆಯ ಸಾಲಲ್ಲಿ ಅದೇ ಕಾಗುಣಿತದ ತಪ್ಪು.

ಇಪ್ಪತ್ತಮೂರನೆಯದಕ್ಕೆ ಎಲ್ಲದರಂತೆ ಹೆಸರಿಲ್ಲ;
ಹೆಸರಿನ ತುಂಡು ಕತ್ತರಿಸಿಯೇ ಕಳಿಸುತ್ತಾರೆ.
ನೀಲಿ ಇಂಕು ನಡುವೆಯೇ ಕಪ್ಪಾಗಿದೆ.

'ಜರ್ಮನಿಯಲ್ಲಿ ಚಾನ್ಸಲರನ್ನು ಸಂಸತ್ತು ಇಳಿಸಬೇಕಾದರೆ
ಇನ್ನೊಬ್ಬರನ್ನು ಆರಿಸಿಕೊಂಡೇ ಇಳಿಸಬೇಕು. ಇದು ಒಳ್ಳೆಯದು.
ಸ್ವಿಟ್ಜರ್ಲೆಂಡಿನಲ್ಲಿ ಏಳು ಜನ ಕೂತು ಆಳುತ್ತಾರೆ.
ನಮ್ಮೂರಲ್ಲಿ ಏಳು ಜನ ಕೂತರೆ ಇಸ್ಪೀಟು.
ಫ್ರಾನ್ಸಿನಲ್ಲಿ ಸಭೆ ವಿಸರ್ಜಿಸುವ ಅಧಿಕಾರ ಅಧ್ಯಕ್ಷರಿಗೆ,
ಸಭೆಯ ಮುಂದೆ ನಿಲ್ಲುವ ಕೆಲಸ ಪ್ರಧಾನಿಗೆ.
ಇದು ನನಗೆ ಬೇಗ ಅರ್ಥವಾಯಿತು,
ಏಕೆಂದರೆ ನಮ್ಮ ನಾಲೆಯಲ್ಲೂ
ನೀರು ನಿಲ್ಲಿಸು ಅನ್ನುವವರು ಇಂಜಿನಿಯರು,
ಬೈಸಿಕೊಳ್ಳುವವರು ನನ್ನ ತಾತ.

ತಾತ ಚಿಕ್ಕಬೋರಯ್ಯ, ನೀರುಗಂಟಿ.
ಹದಿನಾಲ್ಕನೇ ತೂಬಿನ ಬೀಗದ ಕೈ
ಅವರ ಉಡಿದಾರದಲ್ಲಿ ಇರುತ್ತದೆ, ಸ್ನಾನಕ್ಕೂ ಬಿಚ್ಚುವುದಿಲ್ಲ.
ಅಧಿಕಾರ: ಗೇಟನ್ನು ನಾಲ್ಕು ಸುತ್ತು ತಿರುಗಿಸುವುದು.
ಐದನೆಯ ಸುತ್ತಿಗೆ ಮೇಲಿನವರ ಅಪ್ಪಣೆ ಬೇಕು.
ಉತ್ತರದಾಯಿತ್ವ: ಕೊನೇ ಗದ್ದೆಯ ನಿಂಗತಾಯಮ್ಮ
ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು ಬಂದು
"ಬೋರಣ್ಣಾ, ಏಳಪ್ಪ, ನನ್ ಪೈರಿಗೆ ಏನಂತ ಹೇಳ್ಲಿ?"
ಎಂದು ಬಾಗಿಲು ಬಡಿಯುತ್ತಾರೆ.
ತಾತ ಏಳಬೇಕು. ಅವರನ್ನು ಕಟಕಟೆಗೆ ತರಲು
ಮೂರನೇ ಎರಡು ಬಹುಮತ ಬೇಡ,
ಒಂದು ಬ್ಯಾಟರಿ ಸಾಕು, ಸೆಲ್ಲು ವೀಕಾಗಿದ್ದರೂ ನಡೆಯುತ್ತೆ.

ಒಂದು ಸಲ ಮೇಲಿನ ಊರಿಗೆ ಹೆಚ್ಚು ನೀರು ಬಿಟ್ಟರು.
ಯಾಕೆ ಅಂತ ನಮ್ಮಜ್ಜಿಗೂ ಹೇಳಲಿಲ್ಲ.
ಮೂರು ತಿಂಗಳು ಅಂಗಡಿ ಜಗುಲಿಯಲ್ಲಿ
ಯಾರೂ ಅವರ ಬೀಡಿಗೆ ಬೆಂಕಿಕಡ್ಡಿ ಕೊಡಲಿಲ್ಲ.
ಆದುದರಿಂದ ಹೋಲಿಸಿ ನೋಡಿದಾಗ
ಯಾವ ದೇಶದ ನಾಯಕರೇ ಆಗಲಿ
ಅವರ ಬಾಗಿಲು ನಿಂಗತಾಯಮ್ಮನಿಗೆ ಎಷ್ಟು ದೂರವೋ'

ಅಷ್ಟೇ. ಬೆಲ್ಲು ಹೊಡೆದಿರಬೇಕು.

ಸ್ಕೀಮು ತೆಗೆದು ನೋಡಿದೆ. ಪೀಠಿಕೆಗೆ ಎರಡು,
ಅಧಿಕಾರಕ್ಕೆ ಮೂರು, ಉತ್ತರದಾಯಿತ್ವಕ್ಕೆ ಮೂರು,
ಉಪಸಂಹಾರಕ್ಕೆ ಎರಡು. ನೀರುಗಂಟಿಗೆ ಅಂಕವಿಲ್ಲ,
ಮುಗಿಯದ ವಾಕ್ಯಕ್ಕೂ ಇಲ್ಲ.
'ನಾಲ್ಕು ಕೊಟ್ಟು ಮುಗಿಸಿ ಮೇಡಂ, ಕಾಫಿ ಬಂತು,'
ಅಂದರು ಆ ಕಡೆಯಿಂದ ಜವನೇಗೌಡರು.

ನಾಲ್ಕು ಬರೆದೆ.
ಆಮೇಲೆ ಸುಮ್ಮನೆ ಕೂತೆ, ಕೆಂಪು ಪೆನ್ನಿನ ಮುಚ್ಚಳ ಕಚ್ಚುತ್ತ.
ಇದರ ಹಿಂದಿರುವುದು ಹುಡುಗನೋ ಹುಡುಗಿಯೋ,
ಮಳವಳ್ಳಿಯೋ ಪಾಂಡವಪುರವೋ, ನನಗೆ ಗೊತ್ತಿಲ್ಲ.
ನಾನು ಯಾರೆಂದು ಆ ಮಗುವಿಗೂ ಗೊತ್ತಾಗುವುದಿಲ್ಲ.
ಮಂಡ್ಯದ ನನ್ನ ಮನೆಯ ಬಾಗಿಲನ್ನು
ಈ ಇಪ್ಪತ್ತು ವರ್ಷದಲ್ಲಿ, ಸಾವಿರಾರು ನಂಬರುಗಳಲ್ಲಿ,
ಒಂದೂ ಬಂದು ಬಡಿದಿಲ್ಲ.
ನಾಲ್ಕು ಸುತ್ತು ನನ್ನದೂ ಇದೆ.

ನಾಲ್ಕನ್ನು ಹೊಡೆದು ಎಂಟು ಮಾಡಿದೆ.
ತಿದ್ದಿದ ಕಡೆ ಸಹಿ ಹಾಕಬೇಕೆಂಬುದು ನಿಯಮ; ಹಾಕಿದೆ.
ಲೋಟ ಕೈಯಲ್ಲಿ ಹಿಡಿದೇ ಬಂದು
ಜವನೇಗೌಡರು ಕನ್ನಡಕ ಇಳಿಸಿ ಕೇಳಿದರು:
'ಯಾಕೆ ತಿದ್ದಿದಿರಿ?'

ಯಾರಾದರೂ ನನ್ನನ್ನು ಹಾಗೆ ಕೇಳಿ
ಎಷ್ಟು ಕಾಲವಾಗಿತ್ತೋ.
ಕೂತ್ಕೊಳ್ಳಿ ಸರ್, ಹೇಳ್ತೀನಿ, ಅಂದೆ.
ಕಾಫಿ ಕೆನೆಗಟ್ಟಿತು. ಪಕ್ಕದಲ್ಲಿ ಇಪ್ಪತ್ತನಾಲ್ಕನೆಯದು
ಗಾಳಿಗೆ ತಾನೇ ತೆರೆದುಕೊಂಡಿತ್ತು,
ಅಮೆರಿಕದ ಅಧ್ಯಕ್ಷ ಆಗಲೇ
ಕಟಕಟೆಯಲ್ಲಿ ಬಂದು ಕಾಯುತ್ತಿದ್ದ.