ಗಂಟೆ ನನ್ನ ಕೈಲಿತ್ತು

ನೆಬ್ರಾಸ್ಕಾ, ಹತ್ತೊಂಬತ್ತರ ನವೆಂಬರು.
ರೈತಸಂಘದ ಕಟ್ಟಡದಲ್ಲಿ ಸೀಮೆಎಣ್ಣೆ ದೀಪ, ಒದ್ದೆ ಉಣ್ಣೆಯ ವಾಸನೆ.
ವಿಷಯ: ರಾಷ್ಟ್ರಸಂಘಕ್ಕೆ ನಾವು ಸೇರಬೇಕೆ, ಬೇಡವೆ.
ಒಬ್ಬೊಬ್ಬರಿಗೆ ನಾಲ್ಕು ನಿಮಿಷ.
ಗಂಟೆ ನನ್ನ ಕೈಲಿತ್ತು; ನನಗಾಗ ಹನ್ನೊಂದು.

ಮೇಷ್ಟ್ರು ನಾಣ್ಯ ಚಿಮ್ಮಿದರು.
ಆರ್ಡಿತ್ ಸ್ಕೌಗಾರ್ಡಳ ಪಾಲಿಗೆ 'ಬೇಡ' ಬಿತ್ತು.
ವಾರವಿಡೀ ಅವಳು ಉರು ಹೊಡೆದದ್ದು 'ಬೇಕು'.

ಆದರೂ ಎದ್ದಳು. ಜಡೆ ಹಿಂದಕ್ಕೆಸೆದು
ಹತ್ತನೆಯ ಕಲಮನ್ನು
ಕೋಳಿಯ ಪುಕ್ಕ ತರಿದಂತೆ ತರಿದಳು:
"ಯಾವನೋ ದೊರೆಯ ಬೇಲಿ ಮುರಿದರೆ
ನಮ್ಮೂರ ಹುಡುಗ ಯಾಕೆ ಬಡಿಗೆ ಹಿಡಿದು ಓಡಬೇಕು?"

ಹಿಂದಿನ ಬೆಂಚಲ್ಲಿ ಅವಳಣ್ಣ ಥಾರ್ವಾಲ್ಡ್ ಕೆಮ್ಮಿದ.
ಫ್ರಾನ್ಸಿನ ವಿಷಗಾಳಿ ಅವನೆದೆಯಲ್ಲಿ ಇನ್ನೂ ಬಿಡಾರ ಕಿತ್ತಿರಲಿಲ್ಲ.
ಕೆಮ್ಮು ನಿಲ್ಲಲಿಲ್ಲ. ಅವಳೂ ನಿಲ್ಲಲಿಲ್ಲ.
ನಾಲ್ಕಾಯಿತು, ಐದಾಯಿತು,
ನಾನು ಗಂಟೆ ಹೊಡೆಯಲಿಲ್ಲ,
ಯಾರಿಗೆ ಹೊಡೆಯಬೇಕೋ ತಿಳಿಯದೆ.

ಗೆದ್ದಳು.
ಮೆಕ್ಕೆಜೋಳ ಸುಲಿದು ಬಿರಿದ ಅಂಗೈಗಳು
ನೋಯುತ್ತಲೇ ಚಪ್ಪಾಳೆ ತಟ್ಟಿದವು.
ಬಹುಮಾನ: ದಪ್ಪನೆಯ ಭೂಪಟದ ಪುಸ್ತಕ, ಯುದ್ಧಕ್ಕೆ ಮುಂಚಿನದು.
ಅದರೊಳಗಿನ ಎಷ್ಟೋ ಗಡಿಗಳು ಆಗಲೇ ಸತ್ತಿದ್ದವು.

ಗಾಡಿ ಹತ್ತುವಾಗ ಕೇಳಿದಳು, ಮೆಲ್ಲಗೆ,
"ಅಣ್ಣ, ನಿನಗೇನನ್ನಿಸಿತು?"
ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡ.
"ಪುಸ್ತಕ ಇಲ್ಲಿ ಕೊಡು," ಅಂದ, "ಭಾರ ಇದೆ."

ಮುಂದಿನ ವಾರ ಸ್ಟೇಷನ್ನಿನ ತಂತಿಯಲ್ಲಿ
ವಾಷಿಂಗ್ಟನ್ನಿನ ಸುದ್ದಿ ಬಂತು: ಬೇಡ.
ಊರವರು ಓದಿ, ಜೋಳದ ರಾಶಿಯತ್ತ ನಡೆದರು.
ನಾನು ಮಾತ್ರ ಅಲ್ಲೇ ನಿಂತು ಯೋಚಿಸಿದೆ:
ಅಲ್ಲಿ ಕೆಮ್ಮಿದವರಾರು,
ಗಂಟೆ ಯಾರ ಕೈಲಿತ್ತು?